ಖರೀದಿ ಪತ್ರದಿಂದ ಬಾಡಿಗೆ ಕರಾರಿನವರೆಗೆ

ನಿವೃತ್ತಿಯ ಹಣವನ್ನು ಕೈಯಲ್ಲಿ ಹಿಡಿದ ಶಿಕ್ಷಕರಾಗಲಿ, ಹತ್ತಿ ತೊಗರಿಗಳ ಒಂದು ಒಳ್ಳೆಯ ಸುಗ್ಗಿಯಲ್ಲಿ ನಾಲ್ಕು ಕಾಸು ಉಳಿಸಿದ ರೈತರಾಗಲಿ, ಬೆಂಗಳೂರು ಪುಣೆಗಳ ಕಟ್ಟಡ ಕೆಲಸಕ್ಕೆ ಹೋಗಿ ವರ್ಷಗಟ್ಟಲೆ ಊರಿಗೆ ಹಣ ಕಳುಹಿಸಿದ ಕುಟುಂಬದವರಾಗಲಿ, ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಒಂದು ಮನೆಯನ್ನು ಕೊಂಡು ಬಾಡಿಗೆಗೆ ಕೊಡಬೇಕೆಂದು ಬಯಸುವುದು ಸಹಜವೂ ಶ್ಲಾಘ್ಯವೂ ಆದ ಸಂಗತಿ. 2009ರ ಡಿಸೆಂಬರ್ 30ರಂದು ಯಾದಗಿರಿಯು ಜಿಲ್ಲಾ ಕೇಂದ್ರವಾಯಿತು. ಕಚೇರಿಗಳ ಬೆನ್ನಿಗೆ ನೌಕರರೂ, ನೌಕರರ ಬೆನ್ನಿಗೆ ಬಾಡಿಗೆ ಮನೆಗಳ ಅಗತ್ಯವೂ ಬಂದವು. ಧನಿಕನಿಗೆ ಒಂದು ವ್ಯವಹಾರ ಕೆಟ್ಟರೆ ಮತ್ತೊಂದುಂಟು. ಆಯುಷ್ಯದ ಉಳಿತಾಯವನ್ನೆಲ್ಲ ಒಂದೇ ಮನೆಗೆ ಸುರಿದವನಿಗೆ ಅದೊಂದೇ ಗತಿ. ಮಾತಿಗೆ ಬೆಲೆ ಕೊಡುವ ನಮ್ಮ ಸೀಮೆಯಲ್ಲಿ ಕಾಗದ ಕೇಳುವುದೆಂದರೆ ಅಪನಂಬಿಕೆಯೆಂಬ ಭಾವನೆ ಇಂದಿಗೂ ಬಲವಾಗಿದೆ. ಆದರೆ ಕೊಡುವವನ ಮತ್ತು ಕೊಳ್ಳುವವನ, ಮಾಲೀಕನ ಮತ್ತು ಬಾಡಿಗೆದಾರನ ಮರ್ಯಾದೆಯನ್ನು ಸಮನಾಗಿ ಕಾಯುವ ಶಕ್ತಿ ಇರುವುದು ಸರಿಯಾಗಿ ಬರೆದು, ಮುದ್ರಾಂಕ ಶುಲ್ಕ ಕಟ್ಟಿ, ಕಾನೂನು ಬೇಡುವಲ್ಲಿ ನೋಂದಾಯಿಸಿದ ದಸ್ತಾವೇಜಿಗೇ ಎಂಬುದನ್ನು ಪ್ರತಿಯೊಬ್ಬನೂ ಮನಗಾಣಬೇಕು.

ಭೂಮಿಯ ಪೂರ್ವಚರಿತ್ರೆ

ಈ ಸೀಮೆಯ ಭೂಮಿಗೆ ಅನೇಕ ಪದರುಗಳ ಇತಿಹಾಸವುಂಟು. ಸುರಪುರವು ನಾಯಕ ಅರಸರ ಸಂಸ್ಥಾನವಾಗಿದ್ದು, 1858ರ ಬಂಡಾಯದ ತರುವಾಯ, 1860ರ ಒಪ್ಪಂದದ ಮೂಲಕ ನಿಜಾಮರಿಗೆ ಸೇರಿತು. 1956ರ ನವೆಂಬರ್ 1ರಂದು ಈ ಮೂರೂ ಊರುಗಳು ಮೈಸೂರು ರಾಜ್ಯದಲ್ಲಿ ವಿಲೀನಗೊಂಡವು. ನಿಜಾಮರ ಆಡಳಿತದಲ್ಲಿ ಉರ್ದು ಬಳಕೆಯಲ್ಲಿದ್ದುದರಿಂದ ಹಳೆಯ ಮನೆತನಗಳ ಪೆಟ್ಟಿಗೆಗಳಲ್ಲಿ ಉರ್ದು ಭಾಷೆಯ ದಸ್ತಾವೇಜುಗಳು ದೊರೆಯುವುದು ಆಶ್ಚರ್ಯವಲ್ಲ. ಅಂಥವನ್ನು ಬಲ್ಲವರಿಂದ ಓದಿಸಿ, ಭೂಮಿಯು ಇನಾಮಿನದೋ, ದೇವಸ್ಥಾನದ್ದೋ, ವಕ್ಫಿನದೋ, ಸ್ವಂತದ್ದೋ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಪರಿಶಿಷ್ಟ ಜಾತಿ ಅಥವಾ ಪರಿಶಿಷ್ಟ ಪಂಗಡದವರಿಗೆ ಸರಕಾರವು ಮಂಜೂರು ಮಾಡಿದ ಜಮೀನನ್ನು ಸರಕಾರದ ಪೂರ್ವಾನುಮತಿಯಿಲ್ಲದೆ ಕೊಂಡರೆ, 1978ರ ವಿಶೇಷ ಕಾಯ್ದೆಯ ಪ್ರಕಾರ ಆ ಪರಭಾರೆ ಅಸಿಂಧು; ಇಂಥ ಜಮೀನನ್ನು ಮರಳಿ ಕೊಡಿಸುವಂತೆ ಅರ್ಜಿ ಸಲ್ಲಿಸುವುದಕ್ಕಿದ್ದ ಕಾಲಮಿತಿಯ ಅಡ್ಡಿಯನ್ನು 2023ರ ತಿದ್ದುಪಡಿಯು ತೆಗೆದುಹಾಕಿದೆ. ಮಂಜೂರಾದವರಿಗೆ ಇದು ನ್ಯಾಯವಾದ ರಕ್ಷಣೆ, ಕೊಳ್ಳುವವರಿಗೆ ಗಂಭೀರವಾದ ಎಚ್ಚರಿಕೆ.

ಗುಂಟೆ ಪ್ಲಾಟಿನ ಅಪಾಯ

ಪಟ್ಟಣದ ಅಂಚಿನ ಹೊಲದಲ್ಲಿ ಕಲ್ಲು ನೆಟ್ಟು, ಸುಣ್ಣದ ಗೆರೆ ಎಳೆದು, ಒಂದೊಂದು ಗುಂಟೆಯನ್ನು, ಎಂದರೆ 1089 ಚದರಡಿಯನ್ನು, ನೂರು ರೂಪಾಯಿಯ ಛಾಪಾ ಕಾಗದದ ಮೇಲೆ ಮಾರುವ ಪದ್ಧತಿ ಎಲ್ಲರಿಗೂ ಪರಿಚಿತವಾದದ್ದೇ. ಅಂಥ ಪ್ಲಾಟಿನ ಕಾಗದವನ್ನು ಕೈಗೆತ್ತಿಕೊಂಡು ನೋಡಿದರೆ, ಪಹಣಿಯಲ್ಲಿ ಇಡೀ ಸರ್ವೆ ನಂಬರು ಇನ್ನೂ ಕೃಷಿ ಭೂಮಿಯಾಗಿಯೇ ಇರುತ್ತದೆ, ಕೃಷಿಯೇತರ ಬಳಕೆಯ (ಎನ್.ಎ.) ಆದೇಶವಿರುವುದಿಲ್ಲ, ಬಡಾವಣೆಯ ನಕ್ಷೆಗೆ ಮಂಜೂರಾತಿ ಇರುವುದಿಲ್ಲ, ಚಕ್ಕುಬಂದಿಯಲ್ಲಿ ಪೂರ್ವಕ್ಕೆ ರಸ್ತೆ ಎಂದು ಬರೆದಿರುವಲ್ಲಿ ನೆಲದ ಮೇಲೆ ಮತ್ತೊಬ್ಬರ ತೊಗರಿ ನಿಂತಿರುತ್ತದೆ. ಸ್ವತ್ತು ವರ್ಗಾವಣೆ ಕಾಯ್ದೆಯ 54ನೆಯ ಕಲಮಿನಂತೆ ನೂರು ರೂಪಾಯಿಗೂ ಅದಕ್ಕೆ ಮೇಲ್ಪಟ್ಟೂ ಬೆಲೆಯುಳ್ಳ ಸ್ಥಿರಾಸ್ತಿಯು ನೋಂದಾಯಿತ ಪತ್ರದಿಂದಲೇ ಕೈ ಬದಲಾಗತಕ್ಕದ್ದು. ಬರಿಯ ಕರಾರು ಒಡೆತನವನ್ನು ಕೊಡದು. ಮುಖ್ತ್ಯಾರ ಪತ್ರದ ಮೂಲಕ ಮಾಡಿದ ಮಾರಾಟದಿಂದಲೂ ಹಕ್ಕು ಹುಟ್ಟುವುದಿಲ್ಲವೆಂದು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಸ್ಪಷ್ಟಪಡಿಸಿದೆ. 500 ಚದರ ಮೀಟರಿಗೆ ಮೀರಿದ ಭೂಮಿಯಲ್ಲಿ ಎಂಟಕ್ಕಿಂತ ಹೆಚ್ಚು ಪ್ಲಾಟುಗಳನ್ನು ಮಾಡಿ ಮಾರುವವರು ಸ್ಥಿರಾಸ್ತಿ ನಿಯಂತ್ರಣ (ರೇರಾ) ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಿರಬೇಕು. ಆ ನೋಂದಣಿ ಸಂಖ್ಯೆಯನ್ನು ಕೇಳುವುದು ಕೊಳ್ಳುವವರ ಹಕ್ಕು.

ಖಾತೆಯು ತೆರಿಗೆಯ ಲೆಕ್ಕಕ್ಕಾಗಿ ಇರುವುದು. ಅದರಿಂದ ಒಡೆತನ ಹುಟ್ಟುವುದಿಲ್ಲ. ಋಣಭಾರ ಪ್ರಮಾಣಪತ್ರದಲ್ಲಿಯೂ ನೋಂದಣಿಯಾದ ವ್ಯವಹಾರಗಳು ಮಾತ್ರ ಕಾಣುತ್ತವೆ. ಬಾಯಿಮಾತಿನ ಪಾಲು, ನ್ಯಾಯಾಲಯದಲ್ಲಿ ನಡೆಯುತ್ತಿರುವ ದಾವೆ ಮುಂತಾದವು ಅದರಲ್ಲಿ ಸಿಕ್ಕುವುದಿಲ್ಲ. ಆದಕಾರಣ 30 ವರ್ಷಗಳ ಋಣಭಾರ ಪ್ರಮಾಣಪತ್ರವನ್ನು ತೆಗೆಸಿದ ಮೇಲೂ ನೆರೆಹೊರೆಯವರನ್ನು ವಿಚಾರಿಸಿ, ವಕೀಲರಿಂದ ದಾವೆಗಳ ಪರಿಶೀಲನೆ ಮಾಡಿಸುವುದು ಲೇಸು. ಪಿತ್ರಾರ್ಜಿತ ಮನೆಯಾದರೆ ಮಾರುವವರ ಸೋದರಿಯರ ಸಹಿಯನ್ನೂ ಕೇಳಬೇಕು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕುಂಟೆಂದು 2020ರ ವಿನೀತಾ ಶರ್ಮಾ ತೀರ್ಪು ಸಾರಿದೆ. ಕೊಟ್ಟ ಮನೆಯಲ್ಲಿರುವ ಹೆಣ್ಣುಮಗಳ ಪಾಲನ್ನು ಮರೆಮಾಚಿ ಕೊಂಡ ಮನೆಯಲ್ಲಿ ಧರ್ಮವೂ ಇಲ್ಲ, ನೆಮ್ಮದಿಯೂ ಇಲ್ಲ.

ಹಣ ಮತ್ತು ನೋಂದಣಿ

ಬಯಾನಾ ಕೊಡುವಾಗ ಬ್ಯಾಂಕಿನ ಮೂಲಕವೇ ಕೊಡಬೇಕು. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಹಣವನ್ನು ನಗದಾಗಿ ಸ್ವೀಕರಿಸುವುದನ್ನು ಆದಾಯ ತೆರಿಗೆಯ ಕಾನೂನು ನಿಷೇಧಿಸಿದೆ. ಮುದ್ರಾಂಕ ಶುಲ್ಕವನ್ನು ಉಳಿಸುವ ಆಸೆಯಿಂದ ಪತ್ರದಲ್ಲಿ ಬೆಲೆಯನ್ನು ಕಡಿಮೆ ತೋರಿಸಿದವರು, ಮುಂದೆ ವ್ಯವಹಾರ ಮುರಿದಾಗ, ಕೊಟ್ಟ ಹಣಕ್ಕೆ ಸಾಕ್ಷ್ಯವಿಲ್ಲದೆ ಪರಿತಪಿಸಬೇಕಾಗುತ್ತದೆ. ಸಹಿಯಾದ ನಾಲ್ಕು ತಿಂಗಳೊಳಗೆ ಪತ್ರವನ್ನು ಉಪನೋಂದಣಾಧಿಕಾರಿಯ ಮುಂದೆ ಹಾಜರುಪಡಿಸತಕ್ಕದ್ದು. ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ಶೇಕಡಾ 2 ಆಗಿದೆ. ಈ ವೆಚ್ಚವನ್ನೂ ಮುದ್ರಾಂಕ ಶುಲ್ಕವನ್ನೂ ಬೆಲೆಯೊಡನೆ ಮೊದಲೇ ಕೂಡಿಸಿ ನೋಡಿದ ಮೇಲೆಯೇ ಈ ಮನೆಯ ಬಾಡಿಗೆ ತನಗೆ ಗಿಟ್ಟುವುದೋ ಇಲ್ಲವೋ ಎಂಬ ಲೆಕ್ಕ ಹಾಕಬೇಕು. ನೋಂದಣಿಯಾದೊಡನೆ ಪಟ್ಟಣದಲ್ಲಾದರೆ ನಗರಸಭೆಯಲ್ಲಿ, ಹಳ್ಳಿಯಲ್ಲಾದರೆ ಗ್ರಾಮ ಪಂಚಾಯತಿಯಲ್ಲಿ ಖಾತೆ ತನ್ನ ಹೆಸರಿಗೆ ಆಗುವವರೆಗೆ ಕೆಲಸ ಮುಗಿಯಿತೆಂದು ತಿಳಿಯಬಾರದು.

ಬಾಡಿಗೆಗೆ ಕೊಟ್ಟ ಮೇಲೆ

ಬಾಡಿಗೆಯ ಅವಧಿ ಒಂದು ವರ್ಷಕ್ಕೆ ಮೀರಿದರೆ ಕರಾರನ್ನು ನೋಂದಾಯಿಸಲೇಬೇಕು. 11 ತಿಂಗಳ ಕರಾರುಗಳು ಬಳಕೆಗೆ ಬಂದದ್ದು ಈ ಕಾರಣದಿಂದಲೇ. ಅವಧಿ ಚಿಕ್ಕದಾದರೂ ಬಾಡಿಗೆ, ಮುಂಗಡ, ಮುಂಗಡವನ್ನು ಮರಳಿಸುವ ದಿನ, ಸುಣ್ಣಬಣ್ಣದ ಖರ್ಚು, ಕೀಲಿಕೈಗಳ ಸಂಖ್ಯೆ, ಒಳಬಂದ ದಿನದ ಜೆಸ್ಕಾಂ ವಿದ್ಯುತ್ ಮೀಟರಿನ ಅಂಕಿ, ಇವೆಲ್ಲವನ್ನು ಬರೆದು, ಇಬ್ಬರೂ ಸಹಿ ಮಾಡಿ, ಒಬ್ಬೊಬ್ಬರು ಒಂದೊಂದು ಪ್ರತಿಯನ್ನು ಇಟ್ಟುಕೊಳ್ಳಬೇಕು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಸೌಲಭ್ಯವು ಬಾಡಿಗೆದಾರರಿಗೂ ಉಂಟು. ಮನೆ ಬಿಡುವಾಗ ಅವರು ಆ ಮೀಟರಿನಿಂದ ತಮ್ಮ ಆಧಾರ್ ಜೋಡಣೆಯನ್ನು ತೆಗೆಸಿದರೆ ಮುಂದೆ ಬರುವವರಿಗೆ ತೊಡಕಾಗದು.

"ಮನಿ ನಂದು, ನಾಳಿಗೇ ಖಾಲಿ ಮಾಡ್ರಿ" ಎನ್ನುವ ಅಧಿಕಾರ ಯಾವ ಮಾಲೀಕನಿಗೂ ಇಲ್ಲ. ಬೇರೆ ಕರಾರಿಲ್ಲದ ತಿಂಗಳ ಬಾಡಿಗೆಯನ್ನು ಕೊನೆಗೊಳಿಸಲು 15 ದಿನಗಳ ಲಿಖಿತ ನೋಟಿಸು ಬೇಕು. ನೋಟಿಸಿನ ಅವಧಿ ಮುಗಿದರೂ ಬಾಡಿಗೆದಾರನು ಹೊರಡದಿದ್ದರೆ ನ್ಯಾಯಾಲಯದ ಮೂಲಕವೇ ಬಿಡಿಸಿಕೊಳ್ಳಬೇಕು. ಬೀಗ ಜಡಿದು, ಸಾಮಾನನ್ನು ಬೀದಿಗಿಟ್ಟು, ನೀರು ಕರೆಂಟುಗಳನ್ನು ಕಡಿದು ಹೊರಗಟ್ಟುವುದು ಅನ್ಯಾಯವೂ ಕಾನೂನಿಗೆ ವಿರುದ್ಧವೂ ಹೌದು; ಹಾಗೆ ಹೊರಹಾಕಲ್ಪಟ್ಟವರು ವಿಶಿಷ್ಟ ಪರಿಹಾರ ಕಾಯ್ದೆಯ 6ನೆಯ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ಮಾಲೀಕನು ಮಾಡಲೇಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೂ ಮಾಡದಿದ್ದಲ್ಲಿ, ಬಾಡಿಗೆದಾರನು ತಾನೇ ಮಾಡಿಸಿ ವೆಚ್ಚವನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಲು ಸ್ವತ್ತು ವರ್ಗಾವಣೆ ಕಾಯ್ದೆಯ 108ನೆಯ ಕಲಮು ಅವಕಾಶವೀಯುತ್ತದೆ. ಭೀಮೆಯ ನೆರೆಯಿಂದ ಮನೆಯು ವಾಸಕ್ಕೆ ಬಾರದಷ್ಟು ಹಾಳಾದರೆ ಬಾಡಿಗೆದಾರನು ಬಾಡಿಗೆಯ ಸಂಬಂಧವನ್ನೇ ಮುಗಿಸಬಹುದು. ಸಕಾಲಕ್ಕೆ ಬಾಡಿಗೆ ಕೊಡುವುದು, ಅನುಮತಿಯಿಲ್ಲದೆ ಗೋಡೆ ಕೆಡವದಿರುವುದು, ಸಹಜ ಸವಕಳಿಯ ಹೊರತು ಮನೆಯನ್ನು ಇದ್ದಂತೆಯೇ ಒಪ್ಪಿಸುವುದು ಬಾಡಿಗೆದಾರನ ಕರ್ತವ್ಯ.

ಬಾಡಿಗೆಯ ಆದಾಯವು ತೆರಿಗೆಗೆ ಒಳಪಟ್ಟದ್ದು. ಕಟ್ಟಿದ ಮನೆ ತೆರಿಗೆಯನ್ನು ಕಳೆದ ಮೇಲೆ ಉಳಿದುದರಲ್ಲಿ ಶೇಕಡಾ 30ರಷ್ಟು ರಿಯಾಯಿತಿ ದೊರೆಯುತ್ತದೆ.

ನೆರವಿನ ಬಾಗಿಲು

ವಕೀಲರ ಶುಲ್ಕಕ್ಕೆ ಅಂಜಿ ಅನ್ಯಾಯವನ್ನು ಸಹಿಸಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯನ್ವಯ ಸ್ತ್ರೀಯರಿಗೂ ಪರಿಶಿಷ್ಟ ಜಾತಿ ಪಂಗಡಗಳವರಿಗೂ ಅಂಗವಿಕಲರಿಗೂ ಆದಾಯದ ಮಿತಿಯಿಲ್ಲದೆ ಉಚಿತ ನೆರವುಂಟು. ಯಾದಗಿರಿಯ ಜಿಲ್ಲಾ ಪ್ರಾಧಿಕಾರವನ್ನಾಗಲಿ, ತಾಲೂಕು ಸಮಿತಿಯನ್ನಾಗಲಿ, 15100 ಎಂಬ ಸಹಾಯವಾಣಿಯನ್ನಾಗಲಿ ಸಂಪರ್ಕಿಸಬಹುದು. ಲೋಕ ಅದಾಲತಿನಲ್ಲಿ ರಾಜಿಯಾದರೆ ಅದರ ತೀರ್ಪು ಅಂತಿಮ, ಕಟ್ಟಿದ ನ್ಯಾಯಾಲಯ ಶುಲ್ಕವೂ ವಾಪಸು. ಆದರೂ ವ್ಯಾಜ್ಯ ಹುಟ್ಟಿದ ಮೇಲೆ ಈ ಬಾಗಿಲನ್ನು ತಟ್ಟುವುದಕ್ಕಿಂತ, ಬಯಾನಾ ಕೊಡುವ ಮೊದಲೇ ಕಾಗದಗಳನ್ನು ಕಂಕುಳಲ್ಲಿಟ್ಟುಕೊಂಡು ಹೋಗಿ ಸಲಹೆ ಕೇಳುವುದು ಮೇಲು; ಸಣ್ಣ ಉಳಿತಾಯಗಾರನು ತನ್ನ ದುಡಿಮೆಗೆ ತೋರಬಹುದಾದ ಗೌರವಗಳಲ್ಲಿ ಅದೇ ಮೊದಲನೆಯದು.