ನಡಿಗೆ ಸರಿಯಿದೆ, ಚಿಲ್ಲರೆ ಲೆಕ್ಕ ಏಕೆ ತಪ್ಪುತ್ತಿದೆ?

ಪ್ರಶ್ನೆ: ನನ್ನ ಅಕ್ಕನಿಗೆ 36 ವರ್ಷ. ಹಂಪಿ ಬಜಾರ್ ಹತ್ತಿರ ಎಳನೀರು ಮಾರುತ್ತಾಳೆ. ನಾಲ್ಕು ವರ್ಷದ ಹಿಂದೆ ಮಲ್ಟಿಪಲ್ ಸ್ಕ್ಲೆರೋಸಿಸ್ ಅಂದರು, ‘ಸೌಮ್ಯ, ಹೆದರಬೇಡಿ’ ಅಂತಲೂ ಹೇಳಿದರು. ಓಡಾಟಕ್ಕೆ ತೊಂದರೆಯಿಲ್ಲ. ಆದರೆ ಚಿಲ್ಲರೆ ಕೊಡುವಾಗ ತಡವರಿಸುತ್ತಾಳೆ, ಹೇಳಿದ್ದು ಮರೆಯುತ್ತಾಳೆ. ಗಮನವೇ ಇಲ್ಲ ಅಂತ ಮನೆಯಲ್ಲಿ ಬೈಯುತ್ತಾರೆ. ಇದು ಕಾಯಿಲೆಯಿಂದಲೇ?
—ಓದುಗರೊಬ್ಬರು, ಹೊಸಪೇಟೆ

ಉತ್ತರ: ಮೊದಲು ಆ ಬೈಗುಳ ನಿಲ್ಲಲಿ. ಕಾಯಿಲೆಯಿಂದ ಹೀಗಾಗುವುದು ಖಂಡಿತ ಸಾಧ್ಯ. ‘ಸೌಮ್ಯ’ ಅನ್ನುವುದು ಹೆಚ್ಚಾಗಿ ನಡಿಗೆ, ಕೈಬಲ, ಕಣ್ಣು ನೋಡಿ ಹೇಳುವ ಮಾತು. ಯೋಚನೆಯ ವೇಗ ಆ ಅಳತೆಗೆ ಸುಲಭವಾಗಿ ಸಿಗುವುದಿಲ್ಲ. ಈ ಕಾಯಿಲೆಯವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಇಂಥ ತೊಂದರೆ ಇರುತ್ತದೆ. ಕಾಲು ಸೋಲುವ ಮೊದಲೇ ಶುರುವಾಗಬಹುದು. 1868ರಲ್ಲಿ ಈ ಕಾಯಿಲೆಯನ್ನು ವಿವರಿಸಿದ ಪ್ಯಾರಿಸ್ಸಿನ ವೈದ್ಯ ಶಾರ್ಕೊ, ರೋಗಿಗಳ ನೆನಪು ಕುಂದುವುದನ್ನೂ ಗಮನಿಸಿದ್ದರು.

ಅಕ್ಕನ ಗಾಡಿ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. 40 ರೂಪಾಯಿಯಂತೆ ಮೂರು ಎಳನೀರು, 120. ಕೈಗೆ ಬಂದದ್ದು 500ರ ನೋಟು. 380 ವಾಪಸ್ ಕೊಡಬೇಕೆಂದು ಅವರಿಗೆ ಚೆನ್ನಾಗಿ ಗೊತ್ತು. ಅಷ್ಟರಲ್ಲಿ ಇನ್ನೊಬ್ಬರು ವಿಜಯ ವಿಠ್ಠಲ ದೇವಸ್ಥಾನಕ್ಕೆ ದಾರಿ ಕೇಳಿದರೆ ಲೆಕ್ಕ ಜಾರಿಹೋಗುತ್ತದೆ. ಲೆಕ್ಕದ ಬುದ್ಧಿ ಎಲ್ಲಿಗೂ ಹೋಗಿಲ್ಲ. ನರತಂತುಗಳ ಮೇಲಿನ ಮಯಲಿನ್ ಪದರ ಅಲ್ಲಲ್ಲಿ ಕಿತ್ತುಹೋದಾಗ ಸಂದೇಶ ನಿಧಾನವಾಗುತ್ತದೆ, ಎರಡು ಕೆಲಸ ಒಟ್ಟಿಗೆ ಬಂದಾಗ ಆ ನಿಧಾನ ಎದ್ದು ಕಾಣುತ್ತದೆ. ಬಂಡೆಗಳೆಲ್ಲ ಕಾದು ನಿಲ್ಲುವ ಏಪ್ರಿಲ್ ಮಧ್ಯಾಹ್ನ ಕೆಲವರಿಗೆ ಇನ್ನೂ ಕಷ್ಟ. ಮೈ ಬಿಸಿಯೇರಿದರೆ ಲಕ್ಷಣಗಳು ಹೆಚ್ಚುತ್ತವೆ, ತಂಪಾದರೆ ಇಳಿಯುತ್ತವೆ. ಅದರಿಂದ ಮಿದುಳಿಗೆ ಹೊಸ ಪೆಟ್ಟು ಬೀಳುವುದಿಲ್ಲ.

ಆದರೂ ಎಲ್ಲವನ್ನೂ ಈ ಕಾಯಿಲೆಯ ತಲೆಗೇ ಕಟ್ಟಬೇಡಿ. ಖಿನ್ನತೆ, ನಿದ್ದೆಗೇಡು, ಥೈರಾಯ್ಡ್, ಬಿ12 ಕೊರತೆಯಿಂದಲೂ ಮರೆವು ಬರುತ್ತದೆ, ಇವಕ್ಕೆ ಚಿಕಿತ್ಸೆಯಿದೆ. ನರರೋಗ ತಜ್ಞರನ್ನು ಕಂಡಾಗ ‘ಯೋಚನೆಯ ವೇಗವನ್ನೂ ಪರೀಕ್ಷಿಸಿ’ ಎಂದು ಬಾಯಿಬಿಟ್ಟು ಕೇಳಿ. ಒಂಬತ್ತು ಚಿಹ್ನೆಗಳಿಗೆ ಒಂಬತ್ತು ಅಂಕಿ ಹೊಂದಿಸುವ, 90 ಸೆಕೆಂಡಿನ ಸರಳ ಪರೀಕ್ಷೆಯೊಂದಿದೆ. ವರ್ಷಕ್ಕೊಮ್ಮೆ ಮಾಡಿಸಿದರೆ ಬದಲಾವಣೆ ತಿಳಿಯುತ್ತದೆ. ವಿವರವಾದ ತಪಾಸಣೆ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಮರೆವಿಗೆಂದೇ ನೆಚ್ಚಬಹುದಾದ ಮಾತ್ರೆ ಇನ್ನೂ ಬಂದಿಲ್ಲ, ತರಬೇತಿ ಮತ್ತು ವ್ಯಾಯಾಮದಿಂದ ಅನುಕೂಲವಾಗುತ್ತದೆ. ಈಗಿನ ಔಷಧಿಯನ್ನು ಮಾತ್ರ ತಾವಾಗಿ ನಿಲ್ಲಿಸಬಾರದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಈ ಕಾಯಿಲೆಯೂ ಇದೆ, ನೆನಪಿರಲಿ.

ನಾಳೆಯೇ ಒಂದು ರಟ್ಟಿನ ಮೇಲೆ 1ಕ್ಕೆ 40, 2ಕ್ಕೆ 80, 3ಕ್ಕೆ 120 ಎಂದು ದೊಡ್ಡದಾಗಿ ಬರೆದು ಗಾಡಿಗೆ ಕಟ್ಟಿ. ಒಬ್ಬರ ಚಿಲ್ಲರೆ ಮುಗಿಯುವವರೆಗೆ ಇನ್ನೊಬ್ಬರಿಗೆ ‘ಒಂದ್ನಿಮಿಷ ಇರಿ’ ಅನ್ನಲು ಅಕ್ಕನಿಗೆ ಹೇಳಿಕೊಡಿ.