ದೊಡ್ಡವರ ಸಾಲ: ನಮಗೇನು ಪಾಠ?



ನಮ್ಮ ಸಂಘದಲ್ಲಿ ಒಬ್ಬ ಸದಸ್ಯೆ ಎರಡು ಕಂತು ಕಟ್ಟದಿದ್ದರೆ ಏನು ಮಾಡ್ತೇವೆ? ಸಭೆಯಲ್ಲಿ ಕೇಳ್ತೇವೆ, ಮನೆಗೆ ಹೋಗಿ ವಿಚಾರಿಸ್ತೇವೆ. ಸಾವಿರಾರು ಕೋಟಿ ಸಾಲ ಮಾಡಿದವರು ಕಟ್ಟದಿದ್ದರೆ? ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಅವರ ಕಿಂಗ್‌ಫಿಷರ್ ವಿಮಾನ ಕಂಪನಿಯ ಉದಾಹರಣೆ ನೋಡೋಣ.

ನಡೆದದ್ದೇನು?

ಈ ಕಂಪನಿ 2005ರಲ್ಲಿ ವಿಮಾನ ಹಾರಿಸಲು ಆರಂಭಿಸಿತು. ಒಂದು ವರ್ಷವೂ ಲಾಭ ಕಾಣಲಿಲ್ಲ. ಆದರೂ ಸಾಲ ಸಿಗುತ್ತಲೇ ಹೋಯಿತು. ಕೊನೆಗೆ ಸ್ಟೇಟ್ ಬ್ಯಾಂಕ್ ಸೇರಿ 17 ಬ್ಯಾಂಕುಗಳ ಹಣ ಸಿಕ್ಕಿಬಿತ್ತು. ನೌಕರರಿಗೆ ತಿಂಗಳುಗಟ್ಟಲೆ ಸಂಬಳವಿಲ್ಲ. 2012ರ ಅಕ್ಟೋಬರ್‌ನಲ್ಲಿ ಹಾರಾಟವೇ ನಿಂತಿತು. ಮಲ್ಯ 2015ರ ಡಿಸೆಂಬರ್‌ನಲ್ಲಿ ಗೋವಾದಲ್ಲಿ 60ನೇ ಹುಟ್ಟುಹಬ್ಬವನ್ನು ಅದ್ದೂರಿಯಾಗಿ ಆಚರಿಸಿದರು. 2016ರ ಮಾರ್ಚ್‌ನಲ್ಲಿ ದೇಶ ಬಿಟ್ಟು ಇಂಗ್ಲೆಂಡಿಗೆ ಹೋದರು.

2017ರಲ್ಲಿ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ 6,203 ಕೋಟಿ ರೂಪಾಯಿಯನ್ನು ಬಡ್ಡಿ ಸಮೇತ ವಸೂಲು ಮಾಡಲು ಆದೇಶಿಸಿತು. ಆಸ್ತಿ ಮಾರಿ 14,131 ಕೋಟಿ ರೂಪಾಯಿ ಬ್ಯಾಂಕುಗಳಿಗೆ ಮರಳಿದೆ ಎಂದು 2024ರ ಡಿಸೆಂಬರ್‌ನಲ್ಲಿ ಹಣಕಾಸು ಸಚಿವರು ಲೋಕಸಭೆಗೆ ತಿಳಿಸಿದರು. ಕೊಡಬೇಕಾದ್ದಕ್ಕಿಂತ ಹೆಚ್ಚೇ ವಸೂಲಾಗಿದೆ ಎಂಬುದು ಮಲ್ಯ ಅವರ ವಾದ. ಏನೇ ಇರಲಿ, ಇಷ್ಟಕ್ಕೆ ಹನ್ನೆರಡು ವರ್ಷ ಹಿಡಿಯಿತು. ಕೂಲಿ ನಂಬಿ ಬದುಕುವವರು ಅಷ್ಟು ದಿನ ಕಾಯಲು ಆಗ್ತದೆಯೇ?

ಹೇಗೆ ತಪ್ಪಿಸಿಕೊಳ್ತಾರೆ?

1. ‘ಲಿಮಿಟೆಡ್’ ಕಂಪನಿಯಲ್ಲಿ ಕಂಪನಿ ಬೇರೆ, ಒಡೆಯ ಬೇರೆ. ಕಂಪನಿ ಮುಳುಗಿದರೂ ಸಾಮಾನ್ಯವಾಗಿ ಒಡೆಯನ ಮನೆಮಠಕ್ಕೆ ಕೈಹಾಕುವಂತಿಲ್ಲ. ಸ್ವಂತ ಜಾಮೀನು ಬರೆದುಕೊಟ್ಟಿದ್ದರೆ ಹಾಕಬಹುದು. ಮಲ್ಯ ಕೊಟ್ಟಿದ್ದರು, ಆದ್ದರಿಂದಲೇ ಬ್ಯಾಂಕುಗಳು ಅವರನ್ನು ಹಿಡಿಯಲು ಹೋದವು.

2. ಹೆಸರನ್ನೇ ಅಡವಿಡ್ತಾರೆ. ಬ್ಯಾಂಕುಗಳು ‘ಕಿಂಗ್‌ಫಿಷರ್’ ವಿಮಾನದ ಹೆಸರು, ಚಿಹ್ನೆಗಳನ್ನು ಅಡವಿಟ್ಟುಕೊಂಡಿದ್ದವು. 2016ರಲ್ಲಿ ಹರಾಜಿಗಿಟ್ಟಾಗ ಒಬ್ಬರೂ ಕೂಗಲಿಲ್ಲ.

3. ಹಣ ಸಾಗಿಸ್ತಾರೆ. ನ್ಯಾಯಾಲಯದ ಆದೇಶ ಮೀರಿ ಮಕ್ಕಳಿಗೆ 4 ಕೋಟಿ ಡಾಲರ್ ವರ್ಗಾಯಿಸಿದ್ದಕ್ಕೆ ಸುಪ್ರೀಂ ಕೋರ್ಟ್ 2022ರಲ್ಲಿ ಮಲ್ಯ ಅವರಿಗೆ ನಾಲ್ಕು ತಿಂಗಳ ಜೈಲುಶಿಕ್ಷೆ ವಿಧಿಸಿತು.

ನಾವು ಏನು ಮಾಡಬೇಕು?

• ದೊಡ್ಡ ಕಾರು, ದೊಡ್ಡ ಹೆಸರು ನೋಡಿ ಮಾಲು ಕೊಡಬೇಡಿ. ಹಪ್ಪಳ ಇರಲಿ, ಸಮವಸ್ತ್ರ ಇರಲಿ, ಆರ್ಡರ್ ಬರಹದಲ್ಲಿ ಪಡೆಯಿರಿ. ಮುಂಗಡ ಕೇಳಿ. ಮಾಲು ತಲುಪಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ.

• ಸಂಘದ ಉದ್ಯಮಕ್ಕೆ ಮೊದಲೇ ‘ಉದ್ಯಮ್’ ನೋಂದಣಿ ಮಾಡಿಸಿ. 2006ರ ಕಾನೂನಿನಂತೆ ಸಣ್ಣ ಉದ್ಯಮಕ್ಕೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರುತ್ತದೆ.

• ಗಾರ್ಮೆಂಟ್ಸ್‌ಗೆ ಹೋಗುವವರು ಸಂಬಳ ಚೀಟಿ, ಹಾಜರಿ ಲೆಕ್ಕ ಜೋಪಾನವಾಗಿಡಿ. ಸಂಬಳ ನಿಂತ ಮೊದಲ ತಿಂಗಳಲ್ಲೇ ಒಟ್ಟಾಗಿ ಕಾರ್ಮಿಕ ಇಲಾಖೆಗೆ ದೂರು ಕೊಡಿ. 2016ರ ದಿವಾಳಿ ಕಾನೂನಿನಲ್ಲಿ ಕಾರ್ಮಿಕರ 24 ತಿಂಗಳ ಬಾಕಿಗೆ ಅಡವು ಪಡೆದ ಬ್ಯಾಂಕಿನಷ್ಟೇ ಸ್ಥಾನವಿದೆ. ಆದರೆ ದಾಖಲೆ ಬೇಕು.

• ಸಂಘದೊಳಗೂ ಪ್ರತಿನಿಧಿಗೊಂದು, ಬಡ ಸದಸ್ಯೆಗೊಂದು ನಿಯಮ ಬೇಡ. ಬಾಕಿ ಇರುವವರಿಗೆ ಮತ್ತೆ ಸಾಲ ಕೊಡುವ ಮುಂಚೆ ಪುಸ್ತಕ ತೆರೆದು ಎಲ್ಲರೆದುರು ಓದಿರಿ.

ಚರ್ಚೆಗೆ:

1. ನಮ್ಮ ಸಂಘಕ್ಕೆ ಯಾರಿಂದ ಎಷ್ಟು ಹಣ ಬರಬೇಕಿದೆ? ಕಾಗದ ಇದೆಯೇ?

2. ಕಷ್ಟದಿಂದ ಕಟ್ಟಲಾಗದವಳಿಗೂ ಇದ್ದೂ ಕಟ್ಟದವಳಿಗೂ ವ್ಯತ್ಯಾಸ ಹೇಗೆ ತಿಳಿಯೋಣ?

ಮುಂದಿನ ಸಭೆಯೊಳಗೆ ಬಾಕಿಯ ಪಟ್ಟಿ ಬರೆದು ತನ್ನಿ.