ಕೂಸಿನ ಕುಲಾವಿ: ನೆತ್ತಿಯಿಂದ ಕೆಳಕ್ಕೆ ಹೆಣೆಯುವ ರೀತಿ



"ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸಿದ್ರು" ಎಂದು ನಮ್ಮ ಸವಣೂರು ಕಡೆ ಆತುರಗಾರರನ್ನು ಕಂಡು ನಗುತ್ತಾರೆ. ಟೊಪ್ಪಿಗೆ ಹೆಣೆದು ಮಾರುವ ಸಂಘದವರಿಗೆ ಇದು ನಗುವ ಮಾತಲ್ಲ. ಬಸುರಿ ಇದ್ದಾಗಲೇ ಮನೆಯವರು ಬೇಕೆಂದು ಹೇಳಿ ಹೋಗುತ್ತಾರೆ; ತಲೆಯ ಅಳತೆ ಯಾರಿಗೆ ಗೊತ್ತು? ಅಂಚಿನಿಂದ ಶುರು ಮಾಡಿದ ಟೊಪ್ಪಿಗೆ ಗಿಡ್ಡವಾದರೆ ನೆತ್ತಿಯನ್ನೇ ಬಿಚ್ಚಬೇಕು. ನೆತ್ತಿಯಿಂದ ಶುರು ಮಾಡಿದರೆ ಉದ್ದ ಕೊನೆಗೆ ಬರುತ್ತದೆ. ಅರ್ಧ ಹೆಣೆದು ಇಟ್ಟುಕೊಂಡು, ಹೆರಿಗೆಯಾದ ಮೇಲೆ ಕಿವಿ ಮುಚ್ಚುವಷ್ಟು ಇಳಿಸಿ ಮುಗಿಸಿಕೊಡಬಹುದು.

ಹಸುಗೂಸಿನ ತಲೆ ಅದರ ಮೈಯ ಸುಮಾರು ಐದನೇ ಒಂದು ಭಾಗ. ತಲೆ ತೆರೆದಿದ್ದರೆ ಮೈಶಾಖ ಬೇಗ ಹೋಗುತ್ತದೆ. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸಿಗಂತೂ ಶ್ರಾವಣದ ಜಿಟಿಜಿಟಿ ಮಳೆಯ ಥಂಡಿಯೂ ಕೆಟ್ಟದ್ದೇ. ಖಣದ ಕುಲಾವಿ ತೊಟ್ಟಿಲ ದಿನಕ್ಕೆ ಚೆಂದ, ಆದರೆ ಅದು ಹಿಗ್ಗುವುದಿಲ್ಲ. ಗದ್ದದ ಕೆಳಗೆ ಕಟ್ಟುವ ಲಾಡಿ ಕೊರಳಿಗೆ ಬಿಗಿಯುವ ಭಯವೂ ಇದೆ. ಸ್ವೆಟರಿನ ತೋಳಿನ ತುದಿಗೆ ಹಾಕುತ್ತೇವಲ್ಲ, ಒಂದು ಸೀದಾ ಒಂದು ಉಲ್ಟಾ ಬಾರ್ಡರ್, ಅದಕ್ಕೆ ಲಾಡಿ ಬೇಡ. ಸೀದಾ ಕುಣಿಕೆ ಮುಂದೆ ಉಬ್ಬುತ್ತದೆ, ಉಲ್ಟಾ ಹಿಂದೆ ಸರಿಯುತ್ತದೆ. ಹಾರ್ಮೋನಿಯಂ ತಿದಿಯ ಹಾಗೆ ಎಳೆದರೆ ಬಿಚ್ಚಿ, ಬಿಟ್ಟರೆ ಮಡಚಿಕೊಳ್ಳುತ್ತದೆ.

ಎರಡೂ ತುದಿ ಚೂಪಾದ 10 ನಂಬರಿನ (3.25 ಮಿ.ಮೀ.) ಕಡ್ಡಿ ಐದು, 8 ನಂಬರಿನದು ಒಂದು, ಡಬಲ್ ನಿಟ್ಟಿಂಗ್ ದಪ್ಪದ ಉಲ್ಲನ್ ಸುಮಾರು 30 ಗ್ರಾಂ ಸಾಕು.

ಉದ್ದ ಬಾಲ ಬಿಟ್ಟು 8 ಕುಣಿಕೆ ಹಾಕಿರಿ. ಪ್ರತಿ ಕುಣಿಕೆಯಲ್ಲೂ ಮುಂದಿನಿಂದ ಒಮ್ಮೆ, ಹಿಂದಿನಿಂದ ಒಮ್ಮೆ ಸೀದಾ ಹೆಣೆದರೆ 16 ಆಗುತ್ತದೆ. ತಿರುಗಿಸಿ ಒಂದು ಸಾಲು ಉಲ್ಟಾ. ಈಗ ನಾಲ್ಕು ಕಡ್ಡಿಗೆ ನಾಲ್ಕು ನಾಲ್ಕರಂತೆ ಹಂಚಿ, ಐದನೆಯದರಿಂದ ಸುತ್ತು ಹೆಣೆಯಿರಿ. (ಎಂಟೇ ಕುಣಿಕೆಯನ್ನು ನಾಲ್ಕು ಕಡ್ಡಿಗೆ ಹಂಚಲು ಹೋದರೆ ಕಡ್ಡಿ ಜಾರಿ ಜೀವ ಬೇಸರವಾಗುತ್ತದೆ, ಅದಕ್ಕೇ ಈ ಉಪಾಯ.) ಒಂದು ಸುತ್ತಿನಲ್ಲಿ ಪ್ರತಿ ಕಡ್ಡಿಯ ಅರ್ಧಕ್ಕೆ ಒಂದು, ಕೊನೆಗೆ ಒಂದು ಕುಣಿಕೆ ಮೊದಲಿನಂತೆಯೇ ಹೆಚ್ಚಿಸಿ, ಮುಂದಿನ ಸುತ್ತು ಬರೀ ಸೀದಾ. ಹೀಗೆ ಕಡ್ಡಿಗೆ 18, ಒಟ್ಟು 72 ಆಗುವ ತನಕ. ಆರು ತಿಂಗಳ ಕೂಸಿಗಾದರೆ ಕಡ್ಡಿಗೆ 22ರಂತೆ 88.

ಇಲ್ಲಿಂದ ಒಂದು ಸೀದಾ, ಒಂದು ಉಲ್ಟಾ. ಸುಮಾರು 11 ಸೆಂ.ಮೀ. ಇಳಿಸಿದರೆ 3 ಸೆಂ.ಮೀ. ಮೇಲಕ್ಕೆ ಮಡಚಲು ಸಿಗುತ್ತದೆ. ಈ ಹೆಣಿಕೆ ಒಳಗೂ ಹೊರಗೂ ಒಂದೇ ಥರ ಕಾಣುವುದರಿಂದ ಮಡಿಕೆ ಅಸಹ್ಯ ಕಾಣುವುದಿಲ್ಲ. ಕೂಸು ಬೆಳೆದಂತೆ ಮಡಿಕೆ ಬಿಚ್ಚಬಹುದು. ಮೊದಲ ಮೂರು ತಿಂಗಳು ತಲೆಯ ಸುತ್ತಳತೆ ತಿಂಗಳಿಗೆ ಸುಮಾರು 2 ಸೆಂ.ಮೀ. ಬೆಳೆಯುತ್ತದೆ.

ಮುಗಿಸುವುದರಲ್ಲೇ ಕೆಲಸ ಕೆಡುವುದು. ಯಾವಾಗಿನಂತೆ ಬಿಗಿಯಾಗಿ ಮುಚ್ಚಿದರೆ ಟೊಪ್ಪಿಗೆ ಹಿಗ್ಗಿದರೂ ಅಂಚು ಹಿಗ್ಗದು, ಕೂಸಿನ ಹಣೆಯ ಮೇಲೆ ಗೆರೆ ಮೂಡುತ್ತದೆ. 8 ನಂಬರಿನ ಕಡ್ಡಿಯಿಂದ ಎರಡು ಕುಣಿಕೆಯನ್ನು ಹಿಂದಿನಿಂದ ಕೂಡಿಸಿ ಸೀದಾ ಹೆಣೆಯಿರಿ, ಉಳಿದ ಒಂದನ್ನು ಎಡಗಡ್ಡಿಗೆ ವಾಪಸು ಹಾಕಿ, ಮುಂದಿನದರ ಜೊತೆ ಮತ್ತೆ ಕೂಡಿಸಿರಿ. ನೂಲು ಎಳೆಯಬೇಡಿ. ಆಮೇಲೆ ಮೊದಲು ಬಿಟ್ಟ ಬಾಲವನ್ನು ಎಂಟು ಕುಣಿಕೆಯಲ್ಲಿ ಪೋಣಿಸಿ ಜಗ್ಗಿ, ನೆತ್ತಿಯ ಪುಟ್ಟ ಸೀಳನ್ನು ಹೊಲಿದುಬಿಡಿ.

ಹೊಸ ಕೂಸಿನ ತಲೆ ಸುಮಾರು 34-35 ಸೆಂ.ಮೀ. ಸುಲಿದ ತೆಂಗಿನಕಾಯಿಗಳಲ್ಲಿ ಟೇಪಿನಿಂದ ಅಳೆದು ಅಷ್ಟು ಸುತ್ತಳತೆಯದೊಂದನ್ನು ಸಂಘದಲ್ಲಿ ಇಟ್ಟುಕೊಳ್ಳಿ. ಟೊಪ್ಪಿಗೆ ಅದಕ್ಕೆ ಸಲೀಸಾಗಿ ಹೋಗಬೇಕು, ತಲೆಕೆಳಗು ಮಾಡಿದರೆ ಬೀಳಬಾರದು.

ಕೊಳ್ಳುವವರಿಗೆ ಎರಡು ಮಾತು ಹೇಳಿಯೇ ಕೊಡಿ. ಪೇಟೆಯ ಉಲ್ಲನ್ ಹೆಚ್ಚಾಗಿ ಅಕ್ರಿಲಿಕ್. ಬೆಂಕಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಬಾಣಂತಿ ಕೋಣೆಯ ಅಗ್ಗಿಷ್ಟಿಕೆಯ ಹತ್ತಿರ, ಲೋಬಾನದ ಹೊಗೆ ಹಿಡಿಯುವಾಗ, ಟೊಪ್ಪಿಗೆ ತೆಗೆದಿಡಬೇಕು. ಇಸ್ತ್ರಿಯನ್ನೂ ಹಚ್ಚಬಾರದು, ಒಮ್ಮೆ ಬಿಸಿ ತಾಗಿದ ಬಾರ್ಡರ್ ಮತ್ತೆ ಕುಗ್ಗುವುದಿಲ್ಲ.